ವ್ಯಸನದ ಹಿಂದಿನ ವ್ಯಥೆ

ಶ್ರಾವಕನು ತ್ಯಜಿಸಬೇಕಾದ ಸಪ್ತವ್ಯಸನಗಳಲ್ಲಿ ಮದ್ಯಪಾನವೂ ಒಂದು. ‘ವ್ಯಸನ’ ಎಂಬ ಪದಕ್ಕೆ ದುಶ್ಚಟವೆಂಬ ಅರ್ಥವಿರುವಂತೆಯೇ ದುಃಖವೆಂಬ ಅರ್ಥವೂ ಇದೆ. ಈ ಎರಡು ಅರ್ಥಗಳು ಒಂದೇ ಬಾಳಿನಲ್ಲಿ ಹೇಗೆ ಹೆಣೆದುಕೊಳ್ಳುತ್ತವೆ ಎಂಬುದಕ್ಕೆ ಇಪ್ಪತ್ತನೆಯ ಶತಮಾನದ ಒಂದು ಯುದ್ಧವು ಸಾಕ್ಷಿಯಾಗಿದೆ.

ವಿಯೆಟ್ನಾಂನಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಹೆರಾಯಿನ್ ಸೇವನೆ 1971ರ ವೇಳೆಗೆ ವ್ಯಾಪಕವಾಗಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ಸ್ವದೇಶಕ್ಕೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ವಿದುಷಿ ಅಧ್ಯಯನ ಮಾಡಿದರು. ಯುದ್ಧಭೂಮಿಯಲ್ಲಿದ್ದಾಗ ಸುಮಾರು ಐವರಲ್ಲಿ ಒಬ್ಬರು ಅಫೀಮು ವರ್ಗದ ಮಾದಕಗಳಿಗೆ ದಾಸರಾಗಿದ್ದರು. ಆದರೆ ಮರಳಿದ ಮೊದಲ ವರ್ಷದಲ್ಲಿ ಅವರಲ್ಲಿ ಮತ್ತೆ ದಾಸರಾದವರು ಸುಮಾರು ಶೇ. 5ರಷ್ಟು ಮಾತ್ರ. ಸನ್ನಿವೇಶ ಬದಲಾಗಿ, ಮಾದಕವು ಸುಲಭವಾಗಿ ದೊರೆಯದಾದಾಗ ಹೆಚ್ಚಿನವರು ಚಟದಿಂದ ಬಿಡುಗಡೆ ಹೊಂದಿದರು. ಒಮ್ಮೆ ಹಿಡಿದ ಚಟ ಸಾಯುವ ತನಕ ಬಿಡದೆಂಬ ನಂಬಿಕೆ ಇದರಿಂದ ಸಡಿಲವಾಯಿತು.

ಆದರೆ ಎಲ್ಲರ ಪಾಲಿಗೂ ಯುದ್ಧ ಮುಗಿದಿರಲಿಲ್ಲ. ದುಃಸ್ವಪ್ನ, ನಿದ್ರಾಹೀನತೆ, ಅಕಾರಣ ಭೀತಿಗಳು ಅನೇಕರನ್ನು ಮನೆಯವರೆಗೂ ಹಿಂಬಾಲಿಸಿದವು. ಆಘಾತೋತ್ತರ ಒತ್ತಡದ ಈ ಕಾಯಿಲೆಗೆ ಅಮೆರಿಕದ ಮನೋವೈದ್ಯರು 1980ರಲ್ಲಿ ಅಧಿಕೃತ ಮಾನ್ಯತೆ ನೀಡಿದರು. 1988ರಲ್ಲಿ ಮುಗಿದ ರಾಷ್ಟ್ರೀಯ ಸಮೀಕ್ಷೆಯು ವಿಯೆಟ್ನಾಂನಿಂದ ಮರಳಿದ ಪುರುಷರಲ್ಲಿ ಸುಮಾರು ಶೇ. 15ರಷ್ಟು ಮಂದಿ ಆಗಲೂ ಅದರಿಂದ ನರಳುತ್ತಿದ್ದುದನ್ನು ಕಂಡಿತು. ಮದ್ಯವ್ಯಸನವೂ ಅಂಥವರಲ್ಲಿಯೇ ಹೆಚ್ಚಾಗಿತ್ತು.

ಮನೋವೈದ್ಯ ಎಡ್ವರ್ಡ್ ಖಾಂಟ್ಜಿಯನ್ 1985ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ವ್ಯಸನಿಗಳಲ್ಲಿ ಅನೇಕರು ಸುಖವನ್ನರಸಿ ಅಲ್ಲ, ಸಹಿಸಲಾಗದ ಮನೋವೇದನೆಗೆ ತಾವೇ ಔಷಧ ಹುಡುಕಿಕೊಂಡು ಮಾದಕಕ್ಕೆ ಶರಣಾಗುತ್ತಾರೆಂದು ಪ್ರತಿಪಾದಿಸಿದರು. ಎಲ್ಲ ವ್ಯಸನಗಳಿಗೂ ಇದೊಂದೇ ಕಾರಣವಲ್ಲ. ಮದ್ಯವು ತಾನೇ ಖಿನ್ನತೆಯನ್ನು ಹೆಚ್ಚಿಸುತ್ತದೆ. ಆ ಖಿನ್ನತೆ ಮತ್ತೆ ಮದ್ಯದತ್ತ ನೂಕುತ್ತದೆ. ಆದ್ದರಿಂದ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಬೇಕು. ಭಾರತದಲ್ಲಿಯೂ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಮದ್ಯ ಮತ್ತು ಮಾದಕಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮನೋರೋಗದ ವ್ಯಾಖ್ಯೆಯಲ್ಲಿ ಸೇರಿಸಿದೆ.

ಆದರೂ ವ್ಯಸನಿಯನ್ನು ಬಸದಿಗೆ ಕರೆತಂದು, ಪ್ರತಿಜ್ಞೆ ಮಾಡಿಸಿ, ಅಷ್ಟಕ್ಕೇ ನಿಶ್ಚಿಂತರಾಗುವ ಕುಟುಂಬಗಳುಂಟು. ವ್ರತದ ಬಲ ದೊಡ್ಡದು. ಆದರೆ ದೀರ್ಘಕಾಲ ವಿಪರೀತವಾಗಿ ಕುಡಿದವನು ಥಟ್ಟನೆ ನಿಲ್ಲಿಸಿದರೆ ಅಪಸ್ಮಾರ, ಸನ್ನಿ ಉಂಟಾಗಿ ಪ್ರಾಣಾಪಾಯವೂ ಸಂಭವಿಸಬಹುದು. ಆದ್ದರಿಂದ ವ್ರತದ ಜೊತೆಗೆ ವೈದ್ಯರ ನೆರವೂ ಇರಲೇಬೇಕು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನದ ಬೆನ್ನಿಗೇ ಸ್ಥಿತಿಕರಣವನ್ನು ಹೇಳಲಾಗಿದೆ. ಒಬ್ಬನ ದೋಷವನ್ನು ಹತ್ತು ಜನರೆದುರು ಸಾರದಿರುವುದು ಮೊದಲನೆಯದು. ಜಾರಿದವನನ್ನು ಮತ್ತೆ ನೆಲೆಗೆ ನಿಲ್ಲಿಸುವುದು ಎರಡನೆಯದು. ಮನೆಯ ಮಾನಕ್ಕಂಜಿ ರೋಗವನ್ನೂ ರೋಗಿಯನ್ನೂ ಮುಚ್ಚಿಡುವುದು ಉಪಗೂಹನವೆನಿಸದು. ಅವನ ವ್ಯಥೆಯನ್ನು ಆಲಿಸಿ, ಚಿಕಿತ್ಸೆಗೆ ಕರೆದೊಯ್ದು, ಗುಣಮುಖನಾಗಿ ಮರಳಿದಾಗ ಬಸದಿಯ ಪಂಕ್ತಿಯಲ್ಲಿ ಎಲ್ಲರೊಡನೆ ಕೂರಿಸಿಕೊಳ್ಳುವುದು ಕುಟುಂಬದ ಮತ್ತು ಆಡಳಿತ ಮಂಡಳಿಗಳ ಕರ್ತವ್ಯವಾಗಿದೆ.