ಗಂಟೆ ಬಟ್ಟಲಿನ ರಿಪೇರಿ

ಗಂಟೆ ಎಂದಕೂಡಲೇ ನಮ್ಮ ಇತಿಹಾಸಕಾರರಿಗೆ ದೇವಸ್ಥಾನ ನೆನಪಾಗುತ್ತದೆ, ಹೆಚ್ಚೆಂದರೆ ಚರ್ಚು. ಹೊಲಗೇರಿಯ ಅಟ್ಟದ ಮೇಲೂ ಒಂದು ಗಂಟೆ ಇದೆ ಎಂಬುದು ಅವರ ಲೆಕ್ಕಕ್ಕೆ ಬಂದಂತಿಲ್ಲ. ಛಲವಾದಿಯ ಗಂಟೆ ಬಟ್ಟಲಿನ ಬಗ್ಗೆ ಹೇಳುತ್ತಿದ್ದೇನೆ. ಉದ್ದ ಹಿಡಿಯ ಹಿತ್ತಾಳೆಯ ಬಟ್ಟಲು, ಅದಕ್ಕೊಂದು ಸರಪಳಿ, ಸರಪಳಿಯ ತುದಿಯಲ್ಲಿ ಗಂಟೆ. ಮೇಲೆ ಲಿಂಗ, ನಂದಿ, ಸೂರ್ಯ ಚಂದ್ರರ ಗುರುತು. ಲಿಂಗಾಯತರ ಮದುವೆಯಿರಲಿ, ಶವಯಾತ್ರೆಯಿರಲಿ, ಮೆರವಣಿಗೆಯ ಮುಂದೆ ಇದನ್ನು ಬಾರಿಸಿಕೊಂಡು ನಡೆಯುತ್ತಿದ್ದವನು ಹೊಲೆಯ.

ದಕ್ಷಿಣ ಭಾರತದ ಜಾತಿಗಳ ಬಗ್ಗೆ 1909ರಲ್ಲಿ ಏಳು ಸಂಪುಟ ಬರೆದ ಥರ್ಸ್ಟನ್ ಇದನ್ನು ವರ್ಣಿಸಿದ್ದಾನೆ. ಅವನಿಗದು ಒಂದು ವಿಚಿತ್ರ ವಸ್ತು, ಅಷ್ಟೆ. ಆದರೆ ಇದು ಬಲಗೈ ಪಣಕಟ್ಟಿನ ಮುದ್ರೆಯೂ ಆಗಿತ್ತು. 1800-01ರಲ್ಲಿ ಈ ಸೀಮೆಯಲ್ಲಿ ತಿರುಗಿದ ಬುಕನನ್, ಬಲಗೈಯ ಹದಿನೆಂಟು ಪಣ, ಎಡಗೈಯ ಒಂಬತ್ತು ಪಣ ಎಂದು ಜನ ಹಂಚಿಹೋಗಿದ್ದನ್ನು ದಾಖಲಿಸಿದ. ಹೊಲೆಯರು ಬಲಗೈ, ಮಾದಿಗರು ಎಡಗೈ. ವ್ಯಾಪಾರಿಗಳು, ಬೇಸಾಯಗಾರರು ಸೇರಿದ ಇಡೀ ಬಲಗೈ ಬಣದ ಮಾನ, ಅವರ್ಯಾರೂ ಮುಟ್ಟದ ಮನುಷ್ಯನ ಕೈಯಲ್ಲಿತ್ತು! ಮೆರವಣಿಗೆ ಮನೆ ತಲುಪಿದ ಮೇಲೆ ಆ ಮನುಷ್ಯ ಹೊರಗೇ ನಿಲ್ಲಬೇಕು. ಇದನ್ನು ಬರೀ ಅವಮಾನ ಅಂದರೆ ಅರ್ಧ ಸತ್ಯ, ಗೌರವ ಅಂದರೆ ಪೂರ್ತಿ ಸುಳ್ಳು.

ಗಂಟೆ ಕೈಗೆ ಬಂದದ್ದು ಹೇಗೆ ಎಂಬುದಕ್ಕೆ ಛಲವಾದಿಗಳಲ್ಲಿ ಒಂದು ಕಥೆಯಿದೆ. ಕಲ್ಯಾಣದ ಹೊಲೆಯ ಶರಣ ನಾಗಿದೇವ, ಶಿವನಾಗಮಯ್ಯ, ಅವರ ಮೂಲಪುರುಷ. ಬಸವಣ್ಣ ಅವನ ಮನೆಗೆ ಹೋದದ್ದಕ್ಕೆ ಗಲಾಟೆಯಾಗುತ್ತದೆ. ಪರೀಕ್ಷೆಯಲ್ಲಿ ನಾಗಿದೇವನ ಮೈಯಿಂದ ರಕ್ತದ ಬದಲು ಹಾಲು ಸುರಿಯುತ್ತದೆ. ಸಮಾನತೆಯ ಮಾತಿನಿಂದ ಶುರುವಾದ ಕಥೆ ಇದು. ಮುಂದಿನ ಶತಮಾನಗಳು ಈ ಶರಣನ ಮಕ್ಕಳಿಗೆ ಮೆರವಣಿಗೆಯ ಮುಂದೆ ಹಾದಿ ಬಿಡಿಸುವ ಕೆಲಸ ಕೊಟ್ಟವು. ಕಥೆ ಉಳಿಯಿತು, ಒಳಗೆ ಕೂರುವ ಹಕ್ಕು ಉಳಿಯಲಿಲ್ಲ.

ಚರ್ಚಿನ ಗಂಟೆಯ ಜೊತೆ ಹೋಲಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಕ್ಯಾಥೊಲಿಕರು ಹೊಸ ಗಂಟೆಯನ್ನು ನೀರು, ಎಣ್ಣೆಗಳಿಂದ ಪವಿತ್ರಗೊಳಿಸಿ, ಸಂತರ ಹೆಸರಿಡುತ್ತಾರೆ. ಎಷ್ಟೋ ಗಂಟೆಗಳ ಮೇಲೆ ದಾನಿಯ ಹೆಸರು, ಎರಕದವನ ಹೆಸರು, ಇಸವಿ ಇರುತ್ತದೆ. ರಿಪೇರಿಗೆ ಹೋದಾಗ ಆ ಅಕ್ಷರವೇ ಅದರ ಚರಿತ್ರೆ. ಛಲವಾದಿಯ ಗಂಟೆಯ ಮೇಲೆ ನಂದಿಯಿದ್ದಾನೆ, ಹೊತ್ತವನ ಹೆಸರಿಲ್ಲ. ಹಾಗಂತ ಚರ್ಚು ಜಾತಿಯನ್ನು ದಾಟಿತ್ತೆಂದಲ್ಲ. ತಮಿಳುನಾಡಿನ ವಡಕ್ಕನ್‌ಕುಳಂ ಚರ್ಚಿನೊಳಗೆ ಜಾತಿ ಜಾತಿಗೆ ಬೇರೆ ಬೇರೆ ಅಂಕಣ ಮಾಡಿದ್ದ ಗೋಡೆ 1910ರಲ್ಲಷ್ಟೇ ಬಿತ್ತು. ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ಗಂಜಾಂನಲ್ಲಿ ಹೆಸರು ಉಳಿಸಿಹೋದ ಅಬ್ಬೆ ದುಬಾಯ್, ಬಲಗೈ ಎಡಗೈ ಜಗಳಗಳು ಚಪ್ಪಲಿ ಮೆಟ್ಟುವ, ಮದುವೆಯಲ್ಲಿ ಕುದುರೆ ಏರುವ ಹಕ್ಕಿಗಾಗಿ ಹೊತ್ತಿಕೊಳ್ಳುವುದನ್ನು ಬರೆದ. ಬಲಗೈಗೆ ದೊಡ್ಡ ಬೆಂಬಲ ಪರೆಯರದೇ ಎಂದೂ ಗುರುತಿಸಿದ. ಹೊಡೆದಾಟಕ್ಕೆ ಮುಂದೆ ಹೊಲೆಯ, ಎದುರಿಗೆ ಮಾದಿಗ. ಗೆದ್ದರೆ ಕುದುರೆ ಏರುವವನು ಶೆಟ್ಟಿ.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಇನ್ನೊಂದು ಪ್ರಶ್ನೆ. ಈ ಗಂಟೆಯನ್ನು ಎರಕ ಹೊಯ್ದವರು ಯಾರು? ಕಂಚುಗಾರರು. ಅವರು ಪಾಂಚಾಳರು, ಅಂದರೆ ಎಡಗೈ ಬಣ. ಬಲಗೈಯ ಮುದ್ರೆಗೆ ದನಿ ಕೊಟ್ಟದ್ದೇ ಎಡಗೈ ಕುಲುಮೆ. ಮಂಡ್ಯ ಜಿಲ್ಲೆಯ ನಾಗಮಂಗಲ ಈ ಎರಕಕ್ಕೆ ಹೆಸರಾದ ಊರು. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯಕ್ಕೆ ಈ ಲೋಹದ ರಾಜಕಾರಣ ಗೊತ್ತಿತ್ತು. ಮದ್ದೂರು ಸೀಮೆಯ ನಿಡಘಟ್ಟದ ಪಾಂಚಾಳರ ಹುಡುಗ ಕೆಂಪಾಚಾರಿ ಅದರಲ್ಲಿ ಮಂಟೇಸ್ವಾಮಿಯ ಶಿಶುಮಗ ಸಿದ್ದಪ್ಪಾಜಿಯಾಗುತ್ತಾನೆ. ಗುರು ಅವನನ್ನು ಮಳವಳ್ಳಿ ಸೀಮೆಯ ಹಲಗೂರಿಗೆ, ಅವನ ಕುಲದವರ ಬಾಗಿಲಿಗೇ, ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾನೆ. ಅವರು ಸುಲಭಕ್ಕೆ ಕೊಡುವುದಿಲ್ಲ, ಪರೀಕ್ಷೆ ಮೇಲೆ ಪರೀಕ್ಷೆ ಒಡ್ಡುತ್ತಾರೆ. ಕುಲುಮೆ ಯಾರದು, ಅದರ ಲೋಹ ಯಾರಿಗೆ ಸಲ್ಲಬೇಕು ಎಂಬ ಜಗಳ ಈ ನೆಲದಲ್ಲಿ ಹಾಡಾಗಿಯೇ ಇದೆ.

ಮಳವಳ್ಳಿ ಕಡೆಯ ನನ್ನ ವಿದ್ಯಾರ್ಥಿಯೊಬ್ಬನ ಮನೆಯ ಗಂಟೆ ಬಿರುಕುಬಿಟ್ಟಿದೆ. ಅದನ್ನು ರಿಪೇರಿ ಮಾಡಿಸಬೇಕೋ ಬೇಡವೋ ಅಂತ ಮನೆಯಲ್ಲೇ ಎರಡು ಪಾರ್ಟಿ. ಅವನ ಚಿಕ್ಕಪ್ಪ ದಲಿತ ಸಂಘರ್ಷ ಸಮಿತಿಯ ಹಳಬರು. ಎಪ್ಪತ್ತರ ದಶಕದಲ್ಲಿ ತಮಟೆ ಕೆಳಗಿಡಿ ಎಂದ ಚಳವಳಿಯಲ್ಲಿ ಬೆಳೆದವರು. "ಅದ ಕರಗ್ಸಿ ಪಾತ್ರೆ ಮಾಡುಸ್ಕೊಳಿ, ಅನ್ನನಾರ ಬೇಯ್ತದೆ" ಅನ್ನುತ್ತಾರೆ. ಅವರ ಸಿಟ್ಟಿಗೆ ಚರಿತ್ರೆಯ ಬಲವಿದೆ. ಅಂಬೇಡ್ಕರ್ 1928ರಲ್ಲೇ ಮಹಾರ್ ವತನಿನ ವಿರುದ್ಧ ಮುಂಬೈ ಶಾಸನಸಭೆಯಲ್ಲಿ ಮಸೂದೆ ತಂದವರು. ನಮ್ಮಲ್ಲಿ ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯ ಗ್ರಾಮ ಹುದ್ದೆಗಳು 1961ರ ಕಾಯ್ದೆಯಿಂದ, 1963ರಲ್ಲಿ ಅದು ಜಾರಿಯಾದಾಗ, ರದ್ದಾದವು. ಗಂಟೆ ಹಿಡಿಯುವುದು ಸರ್ಕಾರದ ಕಣ್ಣಿಗೆ ಹುದ್ದೆಯಾಗಿರಲಿಲ್ಲ, "ಮರ್ಯಾದೆ" ಆಗಿತ್ತು. ಮರ್ಯಾದೆಯನ್ನು ರದ್ದು ಮಾಡುವ ಕಾಯ್ದೆ ಎಲ್ಲಿದೆ?

ಅಜ್ಜನದು ಬೇರೆ ಮಾತು. "ಬಾರ್ಸಕ್ಕೆ ನಂಗೆ ನಾಚ್ಕೆ ಇರ್ನಿಲ್ಲ ಕನ ಮಗ. ಅವ್ರು ಕರಿಯೋ ವರ್ಸೆ ಇತ್ತಲ್ಲ, ಅದು ಆಯ್ತಿರ್ನಿಲ್ಲ."

ಈ ಮಾತಿನ ಮೇಲೆ ನಾನು ಅಜ್ಜನ ಕಡೆ. ದಲಿತರು ತಮ್ಮ ಸಾಂಸ್ಕೃತಿಕ ಸ್ಮೃತಿಯನ್ನು ಸಾರಾಸಗಟಾಗಿ ಬಿಟ್ಟರೆ ಏನು ಕಳೆದುಕೊಳ್ಳುತ್ತಾರೆಂದು ಡಿ.ಆರ್. ನಾಗರಾಜ್ 1993ರ ಪುಸ್ತಕದಲ್ಲಿ ಕೇಳಿದ್ದರು. ಗಂಟೆ ಉಳಿಯಲಿ, ಕರೆ ನಿಲ್ಲಲಿ.

ಆದರೆ ರಿಪೇರಿ ಎಂದರೇನು? ಗಂಟೆಯ ಕಂಚು ಸುಮಾರು ನಾಲ್ಕು ಪಾಲು ತಾಮ್ರ, ಒಂದು ಪಾಲು ತವರ. ದನಿ ಬರುವುದು ತವರದಿಂದ, ಬಿರುಸೂ ಅದರಿಂದಲೇ. ಬಾರಿಸಿದಷ್ಟೂ ಬಿರುಕು ಬೆಳೆಯುತ್ತದೆ. ಸೀಸದ ಬೆಸುಗೆ ಹಾಕಿದರೆ ದನಿ ಸಾಯುತ್ತದೆ. ಇಂಗ್ಲೆಂಡಿನಲ್ಲಿ ಚರ್ಚಿನ ಒಡಕು ಗಂಟೆಯನ್ನು ಇಡಿಯಾಗಿ ಕಾಯಿಸಿ ಅದೇ ಬಗೆಯ ಲೋಹದಿಂದ ಬೆಸೆಯುತ್ತಾರೆ. ನಮ್ಮ ಹುಡುಗನ ಜೇಬಿಗೆ ಅದು ದೂರ. ಕರಗಿಸಿ ಮತ್ತೆ ಹೊಯ್ಯಬಹುದು. ಆಗ ಬರುವುದು ಹೊಸ ಗಂಟೆ. ಬಿರುಕಿನ ತುದಿಗೆ ಸಣ್ಣ ತೂತು ಕೊರೆದು ಅದು ಮುಂದುವರಿಯದಂತೆ ತಡೆಯಬಹುದು, ನಾಲಿಗೆ ಹೊಸ ಜಾಗಕ್ಕೆ ಬಡಿಯುವಂತೆ ಗಂಟೆಯನ್ನು ತಿರುಗಿಸಿ ಕಟ್ಟಬಹುದು. ಹುಣಸೆಹಣ್ಣು ಹಾಕಿ ಉಜ್ಜುವುದು ಮಾತ್ರ ಬೇಡ ಎಂದೆ. ಹಿಡಿ ಸವೆದಿರುವ ಜಾಗವೇ ಅಲ್ಲಿರುವ ಏಕೈಕ ಸಹಿ.

ಕೊನೆಗೆ ತೂತು ಕೊರೆಯುವುದೆಂದಾಯಿತು. ಚಿಕ್ಕಪ್ಪ ಒಂದು ಷರತ್ತು ಹಾಕಿದ್ದಾರೆ: ಹೊತ್ತವರ ಹೆಸರು ಹಿಡಿಯ ಮೇಲೆ ಕೊರೆಸಬೇಕು. ಅಜ್ಜನಿಗೆ ನಾಲ್ಕು ತಲೆಮಾರಿನ ಹೆಸರು ಬಾಯಲ್ಲಿದೆ. ಐದನೆಯದನ್ನು ಮದ್ದೂರಿನ ಹತ್ತಿರ ಕೊಟ್ಟಿರುವ ಅವರ ಅಕ್ಕನನ್ನು ಕೇಳಬೇಕಂತೆ.