ನಕ್ಷೆಯ ಬಾಣಗಳೂ ತಂದೆಯ ಎಳೆಯೂ

ಯೂರೋಪಿನ ಇತಿಹಾಸದ ಭೂಪಟ ಪುಸ್ತಕವೊಂದನ್ನು ತೆರೆದು ಕ್ರಿ.ಶ. ಐದನೆಯ ಶತಮಾನದ ಪುಟವನ್ನು ನೋಡಿ. ಪುಟದ ತುಂಬ ಬಾಣಗಳು. ವ್ಯಾಂಡಲರ ಬಾಣ 406ರ ಕೊನೆಯಲ್ಲಿ ರೈನ್ ನದಿಯನ್ನು ದಾಟುತ್ತದೆ. ಸ್ಪೇನಿನಲ್ಲಿ ಕೆಲವು ವರ್ಷ ತಂಗಿ, 429ರಲ್ಲಿ ಸಮುದ್ರ ದಾಟಿ, 439ರಲ್ಲಿ ಉತ್ತರ ಆಫ್ರಿಕದ ಕಾರ್ತೇಜ್ ನಗರವನ್ನು ಹಿಡಿಯುತ್ತದೆ. ವಿಸಿಗಾಥರ ಬಾಣ 410ರಲ್ಲಿ ರೋಮ್ ನಗರಕ್ಕೇ ನಾಟುತ್ತದೆ. ಡೆನ್ಮಾರ್ಕ್ ಮತ್ತು ಉತ್ತರ ಜರ್ಮನಿಯ ಕರಾವಳಿಯಿಂದ ಆಂಗಲ್, ಸ್ಯಾಕ್ಸನ್, ಜೂಟ್ ಎಂಬ ಮೂರು ಬಾಣಗಳು ಬ್ರಿಟನ್ನಿನತ್ತ ಹೊರಟಿವೆ. ಇವರೆಲ್ಲ ಜರ್ಮಾನಿಕ್ ಭಾಷೆಗಳನ್ನಾಡುತ್ತಿದ್ದ ಬುಡಕಟ್ಟುಗಳು. ನಾವು ‘ಆಂಗ್ಲ ಭಾಷೆ’ ಎಂದಾಗಲೆಲ್ಲ ಆಂಗಲ್ ಜನರ ಹೆಸರನ್ನೇ ಹೇಳುತ್ತಿರುತ್ತೇವೆ.

ದೂರದರ್ಶನದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಈ ಬಾಣಗಳು ಬಹಳ ಅನುಕೂಲ. ತೆರೆಯ ಮೇಲೆ ಒಂದು ಬಾಣವನ್ನು ಚಲಿಸುವಂತೆ ಮಾಡಿದರೆ ಅರ್ಧ ನಿಮಿಷದಲ್ಲಿ ನೂರು ವರ್ಷ ಮುಗಿದುಹೋಗುತ್ತದೆ. ಆದರೆ ಬಾಣದೊಳಗೆ ಎಷ್ಟು ಜನರಿದ್ದರು? ಕತ್ತಿ ಹಿಡಿದ ಗಂಡಸರು ಮಾತ್ರವೇ, ಹೆಂಡತಿ ಮಕ್ಕಳೂ ಇದ್ದರೇ? ಬಾಣ ಹೋಗಿ ತಲುಪಿದ ಊರಿನಲ್ಲಿ ಮೊದಲೇ ಇದ್ದವರು ಏನಾದರು? ಇದನ್ನು ಹೇಳಲು ಕಾರ್ಯಕ್ರಮದಲ್ಲಿ ಸಮಯ ಸಿಗುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಬ್ರಿಟನ್ನಿನ ಸಂಗತಿಯನ್ನೇ ತೆಗೆದುಕೊಳ್ಳೋಣ. ಬೀಡ್ ಎಂಬ ಕ್ರೈಸ್ತ ಸನ್ಯಾಸಿ 731ರಲ್ಲಿ ತನ್ನ ಇತಿಹಾಸ ಗ್ರಂಥವನ್ನು ಮುಗಿಸಿದ. ಈ ಮೂರು ಬುಡಕಟ್ಟುಗಳು ಬಂದದ್ದು 449ರ ಸುಮಾರಿಗೆ ಎಂದು ಅವನ ಲೆಕ್ಕ. ಆಂಗಲ್ ಜನ ಎಷ್ಟು ದೊಡ್ಡ ಸಂಖ್ಯೆಯಲ್ಲಿ ಹೊರಟರೆಂದರೆ ಅವರ ತಾಯ್ನೆಲ ತನ್ನ ಕಾಲದವರೆಗೂ ಬರಿದಾಗಿ ಬಿದ್ದಿದೆ ಎನ್ನುತ್ತಾನೆ. ಆದರೆ ಆತ ಬರೆದದ್ದು ಘಟನೆ ನಡೆದ ಸುಮಾರು ಮುನ್ನೂರು ವರ್ಷಗಳ ಮೇಲೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೆಲವು ಪುರಾತತ್ತ್ವಜ್ಞರು ಇದಕ್ಕೆ ತದ್ವಿರುದ್ಧವಾದ ವಾದ ಹೂಡಿದರು: ಬಂದವರು ಬೆರಳೆಣಿಕೆಯ ಯೋಧರು, ಸ್ಥಳೀಯರೇ ಅವರ ಮಾತು, ಉಡುಗೆ, ಮಡಕೆಗಳನ್ನು ಕಲಿತರು ಎಂದು. ಮಡಕೆಯನ್ನು ಕೇಳಿದರೆ ಅದು ತನ್ನನ್ನು ಮಾಡಿದವನ ಅಜ್ಜ ಯಾರೆಂದು ಹೇಳುವುದಿಲ್ಲವಲ್ಲ!

ವೈ ವರ್ಣತಂತು ರಂಗಕ್ಕೆ ಬಂದದ್ದು ಇಲ್ಲಿಯೇ. ನಮ್ಮ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ ಎಂಬುದು ನಿಮಗೆ ಗೊತ್ತು. ಉಳಿದವೆಲ್ಲ ತಲೆಮಾರಿನಿಂದ ತಲೆಮಾರಿಗೆ ಇಸ್ಪೀಟು ಎಲೆಗಳಂತೆ ಕಲಸಿಕೊಂಡು ಬರುತ್ತವೆ. ವೈ ಮಾತ್ರ ತಂದೆಯಿಂದ ಮಗನಿಗೆ, ಬಹುಪಾಲು ಕಲಸದೆ ಹಾಗೆಯೇ ಇಳಿಯುತ್ತದೆ. ಬಹುಪಾಲು ಎಂದೆ, ಏಕೆಂದರೆ ನಕಲು ಮಾಡುವಾಗ ಒಮ್ಮೊಮ್ಮೆ ಒಂದು ಅಕ್ಷರ ತಪ್ಪುತ್ತದೆ. ಓಲೆಗರಿಯನ್ನು ಪ್ರತಿ ಮಾಡುವ ಲಿಪಿಕಾರ ಒಂದು ಕಡೆ ತಪ್ಪಿದರೆ ಆ ಪ್ರತಿಯಿಂದ ಹುಟ್ಟಿದ ಎಲ್ಲ ಪ್ರತಿಗಳಲ್ಲೂ ಆ ತಪ್ಪು ಉಳಿಯುತ್ತದೆ. ಗ್ರಂಥ ಸಂಪಾದಕರು ಇಂಥ ತಪ್ಪುಗಳನ್ನು ಹೋಲಿಸಿ ಯಾವ ಪ್ರತಿ ಯಾವುದರ ಮಗು ಎಂದು ಗುರುತಿಸುತ್ತಾರೆ. ವೈ ವರ್ಣತಂತುವಿನಲ್ಲಿ ವಿಜ್ಞಾನಿಗಳು ಮಾಡುವುದೂ ಅದನ್ನೇ. ಒಂದೇ ಕುರುಹನ್ನು ಹೊತ್ತ ಗಂಡಸರನ್ನು ಒಂದು ವಂಶಗುಂಪಿಗೆ ಸೇರಿಸುತ್ತಾರೆ. ಸ್ಕ್ಯಾಂಡಿನೇವಿಯದಲ್ಲಿ ಹೆಚ್ಚಾಗಿರುವ ‘ಐ1’, ಹಾಲೆಂಡ್ ಮತ್ತು ಉತ್ತರ ಜರ್ಮನಿಯಲ್ಲಿ ಹೆಚ್ಚಾಗಿರುವ ‘ಯು106’ ಅಂಥ ಗುಂಪುಗಳು.

2002ರಲ್ಲಿ ಲಂಡನ್ನಿನ ವಿಜ್ಞಾನಿಗಳ ತಂಡವೊಂದು ಇಂಗ್ಲೆಂಡಿನ ಪೂರ್ವ ತುದಿಯಿಂದ ವೇಲ್ಸಿನವರೆಗೆ ಒಂದು ಗೆರೆ ಎಳೆದಂತೆ ಏಳು ಊರುಗಳನ್ನು ಆರಿಸಿ, 313 ಗಂಡಸರ ವೈ ವರ್ಣತಂತುವನ್ನು ಪರೀಕ್ಷಿಸಿತು. ಇಂಗ್ಲೆಂಡಿನ ಐದು ಊರಿನವರು ಒಂದೇ ಬಗೆ. ವೇಲ್ಸಿನ ಎರಡು ಊರಿನವರು ಅವರಿಗಿಂತ ಭಿನ್ನ. ಸೋಜಿಗವೆಂದರೆ ಇಂಗ್ಲೆಂಡಿನವರಿಗೂ ಸಮುದ್ರದಾಚೆ ಹಾಲೆಂಡಿನ ಫ್ರೀಸ್‌ಲ್ಯಾಂಡಿನವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಮಧ್ಯ ಇಂಗ್ಲೆಂಡಿನ ಗಂಡು ಸಂತತಿಯಲ್ಲಿ ಶೇಕಡ 50ರಿಂದ 100ರಷ್ಟು ಹೊರಗಿನಿಂದ ಬಂದದ್ದು ಎಂದು ತಂಡ ಲೆಕ್ಕ ಹಾಕಿತು. ಮರುವರ್ಷ ಇನ್ನಷ್ಟು ಊರುಗಳಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಊರಿಂದೂರಿಗೆ ಪ್ರಮಾಣ ಬದಲಾಗುತ್ತಿರುವುದು ಕಂಡಿತು.

ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಎರಡು ಅನುಮಾನಗಳು. ಪರೀಕ್ಷೆಗೆ ಒಳಗಾದವರು ಇಂದಿನ ಜನ. ಒಂಬತ್ತನೆಯ ಶತಮಾನದಲ್ಲಿ ಡೆನ್ಮಾರ್ಕಿನಿಂದಲೇ ವೈಕಿಂಗರೂ ಬಂದರು. ಒಂದೇ ಕಡೆಯಿಂದ ನಾಲ್ಕು ಶತಮಾನಗಳ ಅಂತರದಲ್ಲಿ ಬಂದ ಇಬ್ಬರನ್ನು ಬೇರ್ಪಡಿಸುವುದು ಹೇಗೆ? ಎರಡನೆಯದು, ‘ಐ1’ ಗುಂಪಿನ ಮೂಲಪುರುಷ ಬದುಕಿದ್ದದ್ದು ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ. ಆಗ ಆಂಗಲ್ ಎಂಬ ಹೆಸರೂ ಇರಲಿಲ್ಲ, ಸ್ಯಾಕ್ಸನ್ ಎಂಬ ಹೆಸರೂ ಇರಲಿಲ್ಲ. ಕುರುಹಿನ ಮೇಲೆ ಬುಡಕಟ್ಟಿನ ಮುದ್ರೆ ಇರುವುದಿಲ್ಲ.

ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ನೋಡಿ. ನಿಮಗೆ ತಂದೆ ತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ಹಿಂದೆ ಎಂಟು ಮಂದಿ. ಹತ್ತು ತಲೆಮಾರು ಹಿಂದಕ್ಕೆ ಹೋದರೆ 1,024 ಸ್ಥಾನಗಳು. ವೈ ಪರೀಕ್ಷೆ ಅವುಗಳಲ್ಲಿ ಒಬ್ಬನ ಬಗ್ಗೆ ಮಾತ್ರ ಹೇಳುತ್ತದೆ. 449ರಿಂದ ಇಲ್ಲಿಯವರೆಗೆ ಐವತ್ತು ಅರವತ್ತು ತಲೆಮಾರುಗಳೇ ಕಳೆದಿವೆ. 2007ರಲ್ಲಿ ಲೆಸ್ಟರ್ ವಿಶ್ವವಿದ್ಯಾನಿಲಯದ ತಂಡಕ್ಕೆ ಯಾರ್ಕ್‌ಶೈರ್ ಮೂಲದ ಒಬ್ಬ ಬಿಳಿಯನಲ್ಲಿ ಅದುವರೆಗೆ ಪಶ್ಚಿಮ ಆಫ್ರಿಕದವರಲ್ಲಿ ಮಾತ್ರ ಕಂಡಿದ್ದ ವೈ ದೊರೆಯಿತು. ಅದೇ ಅಪರೂಪದ ಕುಲನಾಮವಿದ್ದ 18 ಜನರನ್ನು ಪರೀಕ್ಷಿಸಿದಾಗ ಏಳು ಮಂದಿಯಲ್ಲಿ ಅದಿತ್ತು. ಅವರಾರಿಗೂ ಇದರ ಸುಳಿವೇ ಇರಲಿಲ್ಲ. ಋಷಿಮೂಲ, ನದೀಮೂಲ ಕೆದಕಬಾರದೆಂದು ನಮ್ಮ ಹಿರಿಯರು ಸುಮ್ಮನೆ ಹೇಳಿದರೇ?

ಇದು ತಮಾಷೆಗೆ ಮುಗಿಯುವ ಮಾತಲ್ಲ. ಗುಸ್ತಾಫ್ ಕೊಸಿನ್ನಾ ಎಂಬ ಜರ್ಮನ್ ಪುರಾತತ್ತ್ವಜ್ಞ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಡಕೆ, ಆಯುಧಗಳು ಸಿಕ್ಕ ಕಡೆಯೆಲ್ಲ ಪ್ರಾಚೀನ ಜರ್ಮಾನಿಕ್ ಜನರ ನೆಲೆಯನ್ನು ಗುರುತು ಮಾಡುತ್ತ ಹೋದ. ಆತ 1931ರಲ್ಲಿ ತೀರಿಕೊಂಡ. ಅವನ ನಕ್ಷೆಗಳ ತರ್ಕವನ್ನು ನಾತ್ಸಿಗಳು ನೆರೆಯವರ ಭೂಮಿಯ ಮೇಲೆ ಹಕ್ಕು ಸಾಧಿಸಲು ಎತ್ತಿಕೊಂಡರು. 1933ರ ಏಪ್ರಿಲ್ ತಿಂಗಳ ಕಾನೂನಿನ ನಂತರ ಜರ್ಮನಿಯ ಸರ್ಕಾರಿ ನೌಕರ ತನ್ನ ಅಜ್ಜ ಅಜ್ಜಿಯರು ಯಹೂದಿಗಳಲ್ಲವೆಂದು ದಾಖಲೆ ತೋರಿಸಬೇಕಾಯಿತು. ದಾಖಲೆ ಇಲ್ಲದವರ ಗತಿ ಏನಾಯಿತೆಂಬುದು ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. 2000ದಿಂದೀಚೆಗೆ ವೈ ಪರೀಕ್ಷೆ ಮಾರಾಟದ ಸರಕಾಗಿದೆ. ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ಕಳಿಸಿದರೆ ಫಲಿತಾಂಶ ಬರುತ್ತದೆ. ‘ನಾನು ಸ್ಯಾಕ್ಸನ್’ ಎಂದು ಅದನ್ನು ಓದಿಕೊಳ್ಳುವವನನ್ನು ಕಂಡಾಗ ನನಗೆ ಆ ಹಳೆಯ ದಾಖಲೆಗಳು ನೆನಪಾಗುತ್ತವೆ.

ಹಾಗೆಂದು ವೈ ನಿಷ್ಪ್ರಯೋಜಕವಲ್ಲ. ಸಮಾಧಿಯ ಮೂಳೆಯಿಂದಲೇ ಡಿ.ಎನ್.ಎ. ತೆಗೆಯಲು ಸಾಧ್ಯವಾದ ಮೇಲೆ ಅದಕ್ಕೆ ಜೊತೆಗಾರರು ಸಿಕ್ಕರು. 568ರಲ್ಲಿ ಲಾಂಬಾರ್ಡ್ ಜನ ಇಂದಿನ ಹಂಗೇರಿಯ ಕಡೆಯಿಂದ ಇಟಲಿಗೆ ನುಗ್ಗಿದರು. ಹಂಗೇರಿಯ ಸೊಲಾಡ್, ಇಟಲಿಯ ಕೊಲೆನ್ಯೊ ಎಂಬ ಎರಡು ಊರುಗಳ ಸಮಾಧಿಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ, ಗಂಡು ಬಂಧುಗಳ ಸುತ್ತ ಕಟ್ಟಿಕೊಂಡ ದೊಡ್ಡ ಮನೆತನಗಳನ್ನು ತೋರಿಸಿಕೊಟ್ಟಿತು.

ಬ್ರಿಟನ್ನಿನ ಪ್ರಶ್ನೆಗೆ ಉತ್ತರ ಬಂದದ್ದು 2022ರಲ್ಲಿ. ಮಧ್ಯಯುಗದ 460 ಮಂದಿಯ ಅವಶೇಷಗಳು, ಅವರಲ್ಲಿ 278 ಮಂದಿ ಇಂಗ್ಲೆಂಡಿನವರು. ಪೂರ್ವ ಇಂಗ್ಲೆಂಡಿನಲ್ಲಿ ಆ ಕಾಲದವರ ವಂಶಮೂಲದ ಶೇಕಡ 76ರವರೆಗೂ ಸಮುದ್ರದಾಚೆಯದು. ಅಂದರೆ ಬೀಡ್ ಹೇಳಿದ್ದರಲ್ಲಿ ಬಹಳಷ್ಟು ಸತ್ಯವಿತ್ತು. ಆದರೆ ಬಂದವರು ಯೋಧರಷ್ಟೇ ಅಲ್ಲ, ಹೆಂಗಸರೂ ಬಂದಿದ್ದರು. ಡೋವರ್ ಬಳಿಯ ಬಕ್‌ಲ್ಯಾಂಡಿನ ಸಮಾಧಿಗಳಲ್ಲಿ ಒಂದೇ ಕುಟುಂಬದೊಳಗೆ ಹೊರಗಿನವರೂ ಸ್ಥಳೀಯರೂ ಇದ್ದಾರೆ. ಇನ್ನೂ ಸ್ವಾರಸ್ಯದ ಸಂಗತಿ: ಆಯುಧದೊಡನೆ ಹೂಳಲ್ಪಟ್ಟ ಗಂಡಸು ವಲಸಿಗನೇ ಆಗಿರಬೇಕಿಲ್ಲ. ಸ್ಥಳೀಯರಿಗೂ ಆ ಮರ್ಯಾದೆ ಅಷ್ಟೇ ಸಿಕ್ಕಿದೆ. ನಾವು ತೆರೆಯ ಮೇಲೆ ತೋರಿಸುವ ‘ಸ್ಯಾಕ್ಸನ್ ಯೋಧ’ ಬ್ರಿಟನ್ನಿನವನೇ ಆಗಿದ್ದಿರಬಹುದು!

ಕೆಂಟ್ ಪ್ರಾಂತದ ಅಪ್‌ಡೌನ್ ಎಂಬಲ್ಲಿ ಏಳನೆಯ ಶತಮಾನದ ಒಂದು ಸಮಾಧಿಯಿದೆ. ಅದರಲ್ಲಿದ್ದವಳು ಹತ್ತು ಹನ್ನೆರಡರ ಹುಡುಗಿ. ಚಾಕು, ಮೂಳೆಯ ಬಾಚಣಿಗೆ, ಅಲಂಕರಿಸಿದ ಮಡಕೆ, ಎಲ್ಲವೂ ಆ ಊರಿನ ಪದ್ಧತಿಯಂತೆ. ಆಕೆಯ ಹತ್ತಿರದ ಬಂಧುಗಳೂ ಅದೇ ಸ್ಮಶಾನದಲ್ಲಿದ್ದಾರೆ. ತಾಯಿಯ ಎಳೆ ಉತ್ತರ ಯೂರೋಪಿನದು. ತಂದೆಯ ಕಡೆಯ ಒಬ್ಬರು, ಪ್ರಾಯಶಃ ಅಜ್ಜ, ಪಶ್ಚಿಮ ಆಫ್ರಿಕದವರು. ಆಕೆ ಹೆಣ್ಣು, ಆಕೆಯಲ್ಲಿ ವೈ ಇಲ್ಲ. 2002ರ ಪರೀಕ್ಷೆಗೆ ಆಕೆ ಕಾಣುತ್ತಲೇ ಇರಲಿಲ್ಲ, ನಮ್ಮ ನಕ್ಷೆಯಲ್ಲಿ ಆಕೆಯ ಅಜ್ಜನ ಬಾಣವೂ ಇರಲಿಲ್ಲ.