ಹಳ್ಳಿಯ ಬಚ್ಚಲ ನೀರಿಗೆ ಜೊಂಡಿನ ಜರಡಿ

ಮನೆಮನೆಗೆ ನಲ್ಲಿ ಬಂದೊಡನೆ ಹಳ್ಳಿಯಲ್ಲಿ ಹೊಸ ಪ್ರಶ್ನೆಯೊಂದು ಹುಟ್ಟುತ್ತದೆ: ಬಳಸಿದ ನೀರು ಎಲ್ಲಿಗೆ ಹೋಗಬೇಕು? 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್, ಗ್ರಾಮೀಣ ಪ್ರದೇಶದ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಪೂರೈಸುವ ಗುರಿ ಹಾಕಿಕೊಂಡಿತು. ಅದರಲ್ಲಿ ಶೇ 70ರಷ್ಟು ಬಚ್ಚಲು, ಅಡುಗೆಮನೆಗಳಿಂದ ಹೊರಬಿದ್ದರೂ ಸಾವಿರ ಜನರ ಹಳ್ಳಿಯಲ್ಲಿ ನಿತ್ಯ 38 ಸಾವಿರ ಲೀಟರಿಗೂ ಹೆಚ್ಚು ಕೊಳೆನೀರು ಸಂಗ್ರಹವಾಗುತ್ತದೆ. ಅದು ಚರಂಡಿಯಲ್ಲಿ ನಿಂತರೆ ಸೊಳ್ಳೆಗಳ ತಾಣವಾಗುತ್ತದೆ. ಹರಿದರೆ ಊರ ಕೆರೆಯನ್ನು ಕೆಡಿಸುತ್ತದೆ.

ನಗರಗಳಲ್ಲಿರುವಂತಹ ಯಂತ್ರಚಾಲಿತ ಶುದ್ಧೀಕರಣ ಘಟಕಕ್ಕೆ ನಿರಂತರ ವಿದ್ಯುತ್ತು ಹಾಗೂ ನುರಿತ ಸಿಬ್ಬಂದಿ ಬೇಕು. ಸಣ್ಣ ಗ್ರಾಮ ಪಂಚಾಯಿತಿಗೆ ಇವೆರಡೂ ದುಬಾರಿ. ಇಂತಹ ಕಡೆಗಳಿಗೆ ಹೊಂದುವ ಸರಳ ವಿಧಾನವೇ ನಿರ್ಮಿತ ಜೌಗುಭೂಮಿ.

ಮೂಲ

ಜರ್ಮನಿಯ ವಿಜ್ಞಾನಿ ಕೇಟೆ ಸೈಡೆಲ್ ಅವರು 1950ರ ದಶಕದಲ್ಲಿ ಜಲಸಸ್ಯಗಳಿಂದ ಕೊಳೆನೀರನ್ನು ಶುದ್ಧೀಕರಿಸುವ ಪ್ರಯೋಗಗಳನ್ನು ಆರಂಭಿಸಿದರು. 1974ರಲ್ಲಿ ಅಲ್ಲಿನ ಓಟ್‌ಫ್ರೆಸೆನ್ ಎಂಬ ಊರಿನಲ್ಲಿ ಪೂರ್ಣ ಪ್ರಮಾಣದ ಘಟಕವೊಂದು ಕಾರ್ಯಾರಂಭ ಮಾಡಿತು. ನಂತರ ಈ ವಿಧಾನ ಹಲವು ದೇಶಗಳ ಸಣ್ಣ ಊರುಗಳಿಗೆ ಹರಡಿತು. ಬೆಂಗಳೂರಿನ ಓದುಗರಿಗೆ ಜಕ್ಕೂರು ಕೆರೆಯ ಉದಾಹರಣೆ ಪರಿಚಿತ. ಶುದ್ಧೀಕರಣ ಘಟಕದಿಂದ ಬಂದ ನೀರು ಕೆರೆ ಸೇರುವ ಮುನ್ನ ಜೌಗುಪ್ರದೇಶವನ್ನು ಹಾಯ್ದು ಹೋಗುವಂತೆ ಅಲ್ಲಿ ವ್ಯವಸ್ಥೆ ಮಾಡಲಾಗಿದೆ.

ರಚನೆ

ಚರಂಡಿ ನೀರು ಮೊದಲು ಕಸ ತಡೆಯುವ ಜಾಲರಿಯನ್ನು ದಾಟಿ, ಕೆಸರು ತಳಕ್ಕಿಳಿಯುವ ತೊಟ್ಟಿಯನ್ನು ಸೇರುತ್ತದೆ. ಅಲ್ಲಿಂದ ಸುಮಾರು ಎರಡು ಅಡಿ ಆಳದ, ಜಲ್ಲಿ ತುಂಬಿದ ಹೊಂಡಕ್ಕೆ ಹರಿಯುತ್ತದೆ. ನೀರು ನೆಲಕ್ಕೆ ಇಂಗದಂತೆ ಹೊಂಡದ ತಳಕ್ಕೆ ಜೇಡಿಮಣ್ಣು ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹಾಸಲಾಗುತ್ತದೆ. ಜಲ್ಲಿಯಲ್ಲಿ ಜೊಂಡು, ಕಾಬಾಳೆ ಮೊದಲಾದ ಗಿಡಗಳನ್ನು ನೆಡಲಾಗುತ್ತದೆ. ನೀರು ಜಲ್ಲಿಯ ಮೇಲ್ಮೈಗಿಂತ ಕೆಳಗೇ ಹರಿಯುವುದರಿಂದ ಸೊಳ್ಳೆಗೆ ಮೊಟ್ಟೆಯಿಡಲು ಅವಕಾಶವಿರುವುದಿಲ್ಲ, ವಾಸನೆಯೂ ಕಡಿಮೆ. ಊರಿನ ಇಳಿಜಾರನ್ನು ಬಳಸಿಕೊಂಡರೆ ಪಂಪು ಬೇಕಿಲ್ಲ.

ಶುದ್ಧೀಕರಣ ಹೇಗೆ?

ಗಿಡಗಳೇ ಕೊಳೆಯನ್ನು ಹೀರಿಬಿಡುತ್ತವೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಜಲ್ಲಿ ಮತ್ತು ಬೇರುಗಳಿಗೆ ಅಂಟಿಕೊಂಡು ಬೆಳೆಯುವ ಸೂಕ್ಷ್ಮಜೀವಿಗಳು ಸಾವಯವ ಕಲ್ಮಶದ ಹೆಚ್ಚಿನ ಪಾಲನ್ನು ವಿಘಟಿಸುತ್ತವೆ. ಬೇರುಗಳು ಅವಕ್ಕೆ ನೆಲೆಯನ್ನೂ ಅಲ್ಪ ಪ್ರಮಾಣದ ಆಮ್ಲಜನಕವನ್ನೂ ಒದಗಿಸುತ್ತವೆ. ಗಿಡಗಳು ಸಾರಜನಕ, ರಂಜಕಗಳ ಒಂದಿಷ್ಟು ಅಂಶವನ್ನು ಹೀರಿಕೊಳ್ಳುತ್ತವೆ. ರೋಗಾಣುಗಳು ಕಡಿಮೆಯಾಗುತ್ತವೆಯಾದರೂ ಸಂಪೂರ್ಣ ನಾಶವಾಗುವುದಿಲ್ಲ. ಆದ್ದರಿಂದ ಈ ನೀರು ಕುಡಿಯಲು ಯೋಗ್ಯವಲ್ಲ; ಹಸಿಯಾಗಿ ತಿನ್ನುವ ಸೊಪ್ಪು, ತರಕಾರಿಗೂ ಹಾಯಿಸಬಾರದು. ಮರಗಳಿಗೆ, ಮೇವಿನ ಬೆಳೆಗೆ ಬಳಸಬಹುದು. ಶೌಚಾಲಯದ ನೀರನ್ನು ಸೆಪ್ಟಿಕ್ ಟ್ಯಾಂಕ್ ದಾಟಿಸದೆ ಹೊಂಡಕ್ಕೆ ಬಿಡಬಾರದು.

ಜಾಗ ಮತ್ತು ವೆಚ್ಚ

ಬಿಸಿ ಹವೆಯ ಪ್ರದೇಶಗಳಲ್ಲಿ ತಲಾ 1ರಿಂದ 2 ಚದರ ಮೀಟರ್ ಜಾಗ ಬೇಕೆಂಬುದು ಸ್ಥೂಲ ಅಂದಾಜು. ಅಂದರೆ ಸಾವಿರ ಜನರ ಊರಿಗೆ 10ರಿಂದ 20 ಗುಂಟೆ. ನಗರದಲ್ಲಿ ಇಷ್ಟು ಜಾಗ ಸಿಗುವುದು ಕಷ್ಟ. ಹಳ್ಳಿಯಲ್ಲಿ ಹಲವೆಡೆ ಸಾಧ್ಯ. 2020ರಲ್ಲಿ ಆರಂಭವಾದ ಸ್ವಚ್ಛ ಭಾರತ ಮಿಷನ್ (ಗ್ರಾಮೀಣ) ಎರಡನೇ ಹಂತವು 5,000ದವರೆಗಿನ ಜನಸಂಖ್ಯೆಯ ಹಳ್ಳಿಗಳ ಬೂದು ನೀರು ನಿರ್ವಹಣೆಗೆ ತಲಾ 280 ರೂಪಾಯಿವರೆಗೆ ನೆರವು ನಿಗದಿಪಡಿಸಿತು. ಸಾವಿರ ಜನರ ಹಳ್ಳಿಗೆ ಇದು ಹೆಚ್ಚೆಂದರೆ 2.80 ಲಕ್ಷ ರೂಪಾಯಿ.

ಎಡವುವುದು ಎಲ್ಲಿ?

ವಿದ್ಯುತ್ತು ಬೇಡ ಎಂದ ಮಾತ್ರಕ್ಕೆ ಆರೈಕೆ ಬೇಡವೆಂದಲ್ಲ. ತೊಟ್ಟಿಯ ಕೆಸರನ್ನು ಕಾಲಕಾಲಕ್ಕೆ ತೆಗೆಯದಿದ್ದರೆ ಅದು ಜಲ್ಲಿಯ ಸಂದುಗಳನ್ನು ಮುಚ್ಚಿಬಿಡುತ್ತದೆ. ಆಗ ನೀರು ಮೇಲಕ್ಕುಕ್ಕಿ, ಶುದ್ಧೀಕರಣದ ಹೊಂಡವೇ ಸೊಳ್ಳೆಯ ಹೊಂಡವಾಗುತ್ತದೆ. ಪ್ಲಾಸ್ಟಿಕ್ ಚೀಲ, ಅಡುಗೆಯ ಜಿಡ್ಡು, ಮಳೆನೀರಿನೊಡನೆ ಬರುವ ಮಣ್ಣು ಇದರ ಶತ್ರುಗಳು. ಬಲಿತ ಗಿಡಗಳನ್ನು ಕತ್ತರಿಸಿ ಹೊರಹಾಕದಿದ್ದರೆ ಅವು ಅಲ್ಲಿಯೇ ಕೊಳೆತು, ಹೀರಿದ ಪೋಷಕಾಂಶ ಮತ್ತೆ ನೀರಿಗೇ ಸೇರುತ್ತದೆ.

ಆದಕಾರಣ ಹೊಂಡ ತೋಡುವ ಮುನ್ನವೇ ಜಾಲರಿ ತೊಳೆಯುವವರು ಯಾರು, ಕೆಸರು ತೆಗೆಸುವವರು ಯಾರು, ಅವರ ಕೂಲಿ ಯಾವ ಲೆಕ್ಕದಿಂದ ಎಂಬುದನ್ನು ಗ್ರಾಮಸಭೆಯಲ್ಲಿ ತೀರ್ಮಾನಿಸಿಕೊಳ್ಳಬೇಕು. ಉದ್ಘಾಟನೆಯ ದಿನ ಹಸಿರಾಗಿರುವ ಜೊಂಡು ಐದು ವರ್ಷಗಳ ನಂತರವೂ ಕೆರೆಯನ್ನು ಕಾಯುವುದೇ ಎಂಬುದು ಈ ತೀರ್ಮಾನವನ್ನು ಅವಲಂಬಿಸಿದೆ.